ಜೈನಾಪುರದ ಎಂಜಿನ್ನು ಬರಿದಾದದ್ದು

ಜಾಮಾಗಿ ಕೂತ ಬೋಲ್ಟು ಬಿಚ್ಚುವುದು ತೋಳಿನ ಕೆಲಸ ಎಂದು ನಂಬಿರುವವರು ಇದನ್ನು ಓದುವ ಬದಲು ಗರಡಿ ಮನೆಗೆ ಹೋಗಿ ದಂಡ ಹೊಡೆಯುವುದು ಒಳ್ಳೆಯದು. ಅದು ಕಿವಿಯ ಕೆಲಸ. ಬೋಲ್ಟು ಬಿಡುವ ಮುಂಚೆ ಒಂದು ಸಣ್ಣ ಸದ್ದು ಮಾಡುತ್ತದೆ, ಮುರಿಯುವ ಮುಂಚೆಯೂ ಮಾಡುತ್ತದೆ. ಎರಡೂ ಹೆಚ್ಚು ಕಡಿಮೆ ಒಂದೇ ತರಹ ಕೇಳಿಸುತ್ತವೆ. ಆ ಹೆಚ್ಚು ಕಡಿಮೆ ಯಾವುದೆಂದು ತಿಳಿದುಕೊಳ್ಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ತಿಳಿಯಿತೋ ಇಲ್ಲವೋ ಎಂದು ಕೇಳಿದರೆ, ತಿಳಿಯಿತು. ಈ ವಯಸ್ಸಿನಲ್ಲಿ ಸಂಕೋಚ ಪಟ್ಟುಕೊಂಡು ನನಗೇನೂ ಆಗಬೇಕಾದದ್ದಿಲ್ಲ.

ನಾನು ದಸ್ತಗೀರ, ಇಬ್ರಾಹಿಂಪುರದವನು. ನಮ್ಮ ಮನೆಯ ಹಿತ್ತಲಿನಿಂದ ರೈಲು ಹಳಿ ಕಾಣುತ್ತಿತ್ತು. ಎಪ್ಪತ್ತರ ದಶಕದಲ್ಲಿ, ನಮ್ಮ ಇಬ್ರಾಹಿಂಪುರ ಸೇರಿದ ಶಹರವನ್ನು ಎಲ್ಲರೂ ಇನ್ನೂ ಬಿಜಾಪುರ ಎನ್ನುತ್ತಿದ್ದಾಗ, ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಎಂಜಿನ್ ಅಂಗಡಿಯಲ್ಲಿ ಫಿಟರ್ ಆಗಿ ಸೇರಿದೆ. ಅಂಗಡಿಯವರು ರೈತರಿಗೆ ಬಾವಿಯ ನೀರೆತ್ತುವ ಡೀಸೆಲ್ ಎಂಜಿನ್ನು ಮಾರುತ್ತಿದ್ದರು. ಅವು ಕೆಟ್ಟರೆ ನಾವು ಹೋಗಬೇಕು. ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ತಿಕೋಟಾ, ಬಬಲೇಶ್ವರಕ್ಕೆ ಹೋಗಿ ಇಳಿದು, ಅಲ್ಲಿಂದ ಸಾಮಾನಿನ ಚೀಲ ಹ್ಯಾಂಡಲಿಗೆ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ತುಳಿಯುತ್ತಿದ್ದೆ. ಮುಂದೆ ಹೆಡ್ ಫಿಟರ್ ಆದೆ, ವರ್ಕ್‌ಶಾಪ್ ನೋಡಿಕೊಂಡೆ, ನಿವೃತ್ತನಾದೆ. ಆ ಬಡ್ತಿಯ ಕಥೆಯನ್ನು ಬರೆಯುವುದಿಲ್ಲ. ಆ ದಿನಗಳಲ್ಲಿ ಪೇಢೆ ತಿಂದದ್ದು ಬಿಟ್ಟರೆ ನನಗೆ ಬೇರೇನೂ ನೆನಪಿಲ್ಲ.

ಈಗ ಈ ಕೆಲಸಕ್ಕೆ ಬರುವ ಹುಡುಗರಿಗೆ ಆ ಎಂಜಿನ್ನುಗಳ ಮುಖ ಗೊತ್ತಿರಲಿಕ್ಕಿಲ್ಲ. ಎರಡು ಕಡೆ ಎರಡು ದೊಡ್ಡ ಗಾಲಿ, ನಡುವೆ ಬೀಡಿನ, ಅಂದರೆ ಎರಕದ ಕಬ್ಬಿಣದ, ಮೈ, ಕೈಯಿಂದ ತಿರುಗಿಸಿ ಚಾಲೂ ಮಾಡುವ ಹ್ಯಾಂಡಲ್. ಓಡುವಾಗ ಅದರ ಮೈ ಕಾಯುತ್ತದೆ. ಕಾಯದಿರಲೆಂದು ಸಿಲಿಂಡರಿನ ಸುತ್ತ ಒಂದು ಟೊಳ್ಳು ಬಿಟ್ಟಿರುತ್ತಾರೆ, ಅದರಲ್ಲಿ ಬಾವಿಯ ನೀರೇ ಹರಿಯುತ್ತಿರುತ್ತದೆ. ಆ ಟೊಳ್ಳಿಗೆ ರೈತರು ಎಂಜಿನ್ನಿನ ಹೊಟ್ಟೆ ಎನ್ನುತ್ತಿದ್ದರು. ಹೊಟ್ಟೆಯ ತಳದಲ್ಲಿ ಒಂದು ತೂತು, ತೂತಿಗೆ ತಿರುಪಿನ ಹಿತ್ತಾಳೆ ಪ್ಲಗ್ಗು. ನೀರು ಹೊರಬಿಡಲು ಅದೊಂದೇ ದಾರಿ.

ಕಾರಹುಣ್ಣಿವೆ ಮುಗಿದು ಮಳೆ ಹಿಡಿಯಿತೆಂದರೆ ಬಾವಿಯ ನೀರು ಬೇಕಾಗುವುದಿಲ್ಲ. ಎಂಜಿನ್ನು ದಸರೆಯವರೆಗೆ ಮಲಗುತ್ತದೆ. ಮಲಗಿಸುವುದಕ್ಕೂ ಒಂದು ಕ್ರಮವಿದೆ. ಹೊಟ್ಟೆಯ ನೀರು ಪೂರ್ತಿ ಬಿಡಬೇಕು. ಪ್ಲಗ್ಗು ಬಿಚ್ಚಿದ ಕೂಡಲೇ ನೀರು ಬರಲಿಲ್ಲವೆಂದರೆ ಒಳಗೆ ನೀರಿಲ್ಲ ಎಂದು ತಿಳಿಯಬಾರದು, ಕೆಸರು ಬಾಯಿ ಕಟ್ಟಿದೆ ಎಂದು ತಿಳಿದು ತಂತಿ ಹಾಕಿ ಕೆದಕಬೇಕು. ಆಮೇಲೆ ಸಿಲಿಂಡರಿನೊಳಗೆ ಒಂದಿಷ್ಟು ಎಣ್ಣೆ ಬಿಟ್ಟು ಗಾಲಿ ತಿರುಗಿಸಬೇಕು. ಹೊಗೆ ಕೊಳವೆಯ ಬಾಯಿಗೆ ಡಬ್ಬಿ ಮಗುಚಬೇಕು, ಇಲ್ಲವಾದರೆ ಇಲಿ ಸಂಸಾರ ಹೂಡುತ್ತದೆ. ಪ್ಲಗ್ಗಿಗೆ ಗ್ರೀಸು ಹಚ್ಚಿ, ಹಾಕದೆ, ದಾರದಿಂದ ಹ್ಯಾಂಡಲಿಗೆ ಕಟ್ಟಿಡಬೇಕು. ಇಷ್ಟು ಮಾಡಿದವನ ಎಂಜಿನ್ನು ದಸರೆಗೆ ಒಂದೇ ಏಟಿಗೆ ಏಳುತ್ತದೆ. ಹೀಗೆ ಮಾಡುವವರು ಕಡಿಮೆ ಇದ್ದರು, ಆದ್ದರಿಂದಲೇ ನಮಗೆ ಕೆಲಸವಿತ್ತು.

ನಮ್ಮ ಕಡೆಯ ನೀರು ಬೇರೆ. ಡೋಣಿ ಹೊಳೆಯ ಸುತ್ತಲಿನ ಬಾವಿಗಳಲ್ಲಿ ಸವಳು ನೀರು. ಆ ನೀರು ನಾಲ್ಕು ತಿಂಗಳು ಬೀಡಿನೊಳಗೆ ನಿಂತರೆ ಬೀಡನ್ನು ತಿನ್ನುತ್ತದೆ. ಉಪ್ಪು, ಸುಣ್ಣ, ಕೆಸರು ಸೇರಿ ತಳದಲ್ಲಿ ಗಾರೆಯಾಗುತ್ತದೆ. ಪ್ಲಗ್ಗು ಆ ಗಾರೆಯಲ್ಲಿ ಕೂತು ಗಟ್ಟಿಯಾಗುತ್ತದೆ.

ನನಗೆ ಕೆಲಸ ಕಲಿಸಿದವರು ಸಿದ್ರಾಮಪ್ಪ ಮಿಸ್ತ್ರಿ. ನಮ್ಮ ವರ್ಕ್‌ಶಾಪಿನ ಹಿರಿಯ, ಬಾಯಿ ಬಹಳ ಕೆಟ್ಟದ್ದು, ಕೈ ಬಹಳ ಒಳ್ಳೆಯದು. ಅವರು ಬೈದಷ್ಟು ನಮ್ಮ ಅಪ್ಪನೂ ನನ್ನನ್ನು ಬೈದಿಲ್ಲ. ಮೊದಲ ದಿನವೇ ನನ್ನ ಕೈಗೆ ಸಣ್ಣ ಸುತ್ತಿಗೆ ಕೊಟ್ಟು ದೊಡ್ಡದನ್ನು ಕಸಿದುಕೊಂಡರು.

“ಲೇ ದಸ್ತಗೀರ, ಕಬ್ಬಿಣಕ್ಕೂ ಮುನಿಸು ಇರ್ತೈತಲೇ. ಮೊದಲ ನೀ ಅದರ ಮಾತು ಕೇಳು, ಆಮ್ಯಾಲ ಅದು ನಿನ್ನ ಮಾತು ಕೇಳ್ತೈತಿ. ಬಿಚ್ಚಬೇಕಂದ್ರ ಮೊದಲ ಒಂದು ಕೂದಲೆಳಿಯಷ್ಟು ಬಿಗಿ ಮಾಡು. ಬಿಗಿ ಮಾಡಿದ್ರ ಅದಕ್ಕ ಅನುಮಾನ ಬರಂಗಿಲ್ಲ.”

ಅವರ ಈ ಮಾತಿನ ಬೆಲೆ ಗೊತ್ತಾದದ್ದು ತಿಕೋಟಾದಲ್ಲಿ. ಒಬ್ಬ ಗೌಡರ ತೋಟದಲ್ಲಿ ಹೀಗೆಯೇ ಪ್ಲಗ್ಗು ಕಚ್ಚಿಕೊಂಡಿತ್ತು. ಮಿಸ್ತ್ರಿಯವರು ಅದರ ಸುತ್ತ ಚಿಮಣಿ ಎಣ್ಣೆ ಬಿಟ್ಟು, “ಇದು ನೆನೀಲಿ, ಯಾರೂ ಮುಟ್ಟಬ್ಯಾಡ್ರಿ” ಎಂದು ಹೇಳಿ ನನ್ನನ್ನು ಕರೆದುಕೊಂಡು ಚಹಕ್ಕೆ ಹೋದರು. ಗೌಡರ ಮಗ ಪೈಲ್ವಾನ. ಆಗಷ್ಟೇ ಎಲ್ಲಿಯೋ ಕುಸ್ತಿ ಗೆದ್ದು ಬಂದಿದ್ದ, ಮೈಯಲ್ಲಿ ಹುರುಪು ಇತ್ತು. ನಾವು ಬರುವಷ್ಟರಲ್ಲಿ ಅವನು ಪಾನಾದ, ಅಂದರೆ ಸ್ಪ್ಯಾನರಿನ, ಹಿಡಿಕೆಗೆ ಆಳುದ್ದದ ಪೈಪು ತೂರಿಸಿ ಜಗ್ಗಿದ್ದ. ಪ್ಲಗ್ಗು ಬಂದಿತ್ತು, ಜೊತೆಗೆ ಎಂಜಿನ್ನಿನ ತಳದ ಒಂದು ಚೂರೂ ಬಂದಿತ್ತು. ಬೀಡು ಒಡೆದರೆ ಗಡಿಗೆ ಒಡೆದ ಹಾಗೆ, ಬೆಸುಗೆ ನಿಲ್ಲುವುದಿಲ್ಲ. ಪೈಲ್ವಾನ ನಗುತ್ತಾ ಪ್ಲಗ್ಗು ತೋರಿಸಿ, “ನೋಡ್ರಿ ಮಿಸ್ತ್ರಿ, ನಿಮಗ ಆಗದ್ದು ನಾ ಮಾಡೀನಿ” ಎಂದ. ಸಿದ್ರಾಮಪ್ಪನವರು ಆ ಚೂರನ್ನು ಎತ್ತಿ ಅವನ ಅಂಗೈಯಲ್ಲಿಟ್ಟು, “ಹೌದಪಾ, ಇದು ನನಗ ಖರೇನ ಆಗ್ತಿರಲಿಲ್ಲ” ಎಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಬೈಯದೆ ಕೂತ ಸಿದ್ರಾಮಪ್ಪನವರನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ.

ಇನ್ನು ಜೈನಾಪುರದ ವಿಷಯ. ಈ ಬರಹಕ್ಕೆ ಕೂತದ್ದೇ ಅದಕ್ಕಾಗಿ.

ಬಬಲೇಶ್ವರದ ಹತ್ತಿರದ ಜೈನಾಪುರದಲ್ಲಿ ಗೌರವ್ವ ಎಂಬ ವಿಧವೆಗೆ ವೀಳ್ಯದ ಎಲೆಬಳ್ಳಿಯ ತೋಟವಿತ್ತು. ಗಂಡ ತಾನೇ ಹಚ್ಚಿದ ತೋಟ. ಅವನು ಸತ್ತು ಎರಡು ವರ್ಷವಾಗಿತ್ತು. ಗಂಡನ ತಮ್ಮ ಮಲ್ಲಪ್ಪ ಹೊಲದ ಕೆಲಸ ನೋಡಿಕೊಳ್ಳುತ್ತಿದ್ದ. ಎಲೆಬಳ್ಳಿ ಎಂದರೆ ಕೈಗೂಸು. ಮಳೆ ನಿಂತ ಮೇಲೆ ಹೊತ್ತಿಗೆ ಸರಿಯಾಗಿ ನೀರು ಸಿಗದಿದ್ದರೆ ವಾರ ಒಪ್ಪತ್ತಿನಲ್ಲಿ ಬಾಡಿ ಕೂರುತ್ತದೆ, ಮತ್ತೆ ಚಿಗುರುವುದಿಲ್ಲ. ದಸರೆ ಆದ ಮೇಲೆ ಅವರ ಎಂಜಿನ್ನು ಕಾಯತೊಡಗಿತು. ಚಾಲೂ ಮಾಡಿದರೆ ಒಂದು ಬೀಡಿ ಸೇದುವಷ್ಟರಲ್ಲಿ ಹಬೆ ಏಳುತ್ತಿತ್ತು. ಎಂಜಿನ್ನು ಗುಜರಿಗೆ ಹಾಕಿ, ಬಳ್ಳಿ ಕಿತ್ತು ಜೋಳ ಬಿತ್ತೋಣ ಎಂದು ಮಲ್ಲಪ್ಪ ಹೇಳುತ್ತಿದ್ದ. ಒಂದು ಸಲ ನೋಡಿಸೋಣ ಎಂದು ಗೌರವ್ವ ಅಂಗಡಿಗೆ ಹೇಳಿಕಳಿಸಿದ್ದಳು. ಸಿದ್ರಾಮಪ್ಪನವರಿಗೆ ಸೊಂಟ ಹಿಡಿದಿತ್ತು. ಹಾಗಾಗಿ ನಾನು ಒಬ್ಬನೇ ಹೋದೆ.

ಹೋಗುವಾಗ ಮಿಸ್ತ್ರಿ, “ಒಡದಿ ಅಂದ್ರ ಹಂಗಽ ರೈಲು ಹತ್ತಿ ಸೊಲ್ಲಾಪುರಕ್ಕ ಹೋಗಿಬಿಡು, ಇಲ್ಲಿ ಬರಬ್ಯಾಡ” ಎಂದು ಆಶೀರ್ವಾದ ಮಾಡಿ ಕಳಿಸಿದರು.

ಬಾವಿಯ ಪಕ್ಕದ ಗುಡಿಸಲಿನಲ್ಲಿದ್ದ ಎಂಜಿನ್ನು ನೋಡಿದೆ. ಮೈತುಂಬ ಹಸಿರು ಬಣ್ಣ. ಪ್ರತಿ ಮಹಾನವಮಿಗೆ ಆಯುಧ ಪೂಜೆಗೆಂದು ತೊಳೆದು ಮತ್ತೊಂದು ಕೈ ಬಳಿದಿದ್ದರು. ಪ್ಲಗ್ಗು ಎಲ್ಲಿದೆ ಎಂದು ಹುಡುಕಲು ಚಾಕುವಿನಿಂದ ಬಣ್ಣ ಕೆರೆಯಬೇಕಾಯಿತು. ಕೆರೆದರೆ ಅದು ನಮ್ಮ ಹಿತ್ತಾಳೆಯ ಪ್ಲಗ್ಗೇ ಅಲ್ಲ, ಯಾವುದೋ ಕಬ್ಬಿಣದ ಬೋಲ್ಟು. ಸಣಬು ಸುತ್ತಿ, ಜೀವ ಹೋಗುವ ಹಾಗೆ ಬಿಗಿದಿದ್ದರು. ಬೀಡಿಗೆ ಕಬ್ಬಿಣ, ಮೇಲೆ ಸವಳು ನೀರು. ತುಕ್ಕು ಎರಡನ್ನೂ ಒಂದೇ ಮಾಡಿಬಿಟ್ಟಿತ್ತು.

“ಇದನ್ನ ಬಿಚ್ಚಿ ನೀರು ಬಿಟ್ಟು, ಒಳಗಿನ ಕೆಸರು ತಗೀಬೇಕ್ರಿ” ಎಂದೆ.

“ಅದೊಂದು ಬಿಟ್ಟು ಬ್ಯಾರೆ ಏನರ ಮಾಡು” ಎಂದ ಮಲ್ಲಪ್ಪ. “ಆ ಬೋಲ್ಟ ಹಾಕಿದಾಂವ ನಾನ. ಅದನ್ನ ಬಿಚ್ಚಂಗಿಲ್ಲ.”

“ಯಾಕ್ರಿ?”

ಅವನು ಅತ್ತಿಗೆಯ ಕಡೆ ನೋಡಿದ. ಗೌರವ್ವ ಸೆರಗು ಸರಿಮಾಡಿಕೊಂಡು ಎಂಜಿನ್ನಿಗೂ ನನಗೂ ನಡುವೆ ಬಂದು ನಿಂತಳು. “ತಮ್ಮಾ, ನಮ್ಮವರು ಎರಡು ವರ್ಷದ ಹಿಂದ ಮಳಿಗಾಲಕ್ಕ ಅದರ ನೀರು ಬಿಟ್ಟು ಬರಿದ ಮಾಡಿಟ್ಟಿದ್ರು. ಶ್ರಾವಣದಾಗ ಜ್ವರ ಬಂತು, ಹ್ವಾದ್ರು. ನೀರು ಕೊಡೂ ವಸ್ತು ಬರಿದ ಇಡಬಾರದಂತ. ಆವತ್ತಿಂದ ಅದು ಬರಿದ ಆಗಿಲ್ಲ.”

ನಮ್ಮ ಕಡೆ ಯಾವ ಹೆಂಗಸೂ ದೀಪ ಹಚ್ಚುವ ಹೊತ್ತಿನಲ್ಲಿ ಕೊಡ ಬರಿದು ಇಡುವುದಿಲ್ಲ, ತಳದಲ್ಲಿ ಒಂದು ತಂಬಿಗೆಯಾದರೂ ನೀರು ಬಿಟ್ಟಿರುತ್ತಾಳೆ. ನಮ್ಮ ಅಮ್ಮನೂ ಹಾಗೆಯೇ. ಆ ಪದ್ಧತಿಯನ್ನು ಇವರು ಎಂಜಿನ್ನಿಗೂ ಹಚ್ಚಿದ್ದರು. ಕಳೆದುಹೋದ ಹಿತ್ತಾಳೆ ಪ್ಲಗ್ಗಿನ ಜಾಗಕ್ಕೆ, ಅಣ್ಣ ಸತ್ತ ಸಿಟ್ಟಿನಲ್ಲಿ, ಮಲ್ಲಪ್ಪ ಆ ಬೋಲ್ಟು ಬಿಗಿದಿದ್ದ. ಜ್ವರಕ್ಕೂ ಎಂಜಿನ್ನಿಗೂ ಸಂಬಂಧವಿಲ್ಲ ಎಂದು ನಾನು ವಾದಿಸಬಹುದಿತ್ತು. ವಾದಿಸಿ ಗೆದ್ದಿದ್ದರೂ ಅವರು ಪ್ಲಗ್ಗು ಮುಟ್ಟಲು ಬಿಡುತ್ತಿರಲಿಲ್ಲ.

“ಯವ್ವಾ, ನಿಮ್ಮ ಮನಿ ಹಂಡೆ ತಳದಾಗ ರಾಡಿ ಕುಂತರ ಏನ ಮಾಡ್ತೀರಿ?” ಎಂದು ಕೇಳಿದೆ.

“ತೊಳೀತೀನಿ.”

“ನೀರು ಚೆಲ್ಲದಽ?”

ಗೌರವ್ವ ಎಂಜಿನ್ನಿನ ಕಡೆ ತಿರುಗಿ ಅದರ ಮೈಮೇಲೆ ಕೈಯಾಡಿಸಿದಳು. ಆಮೇಲೆ, “ತೊಳದ ಕೂಡ್ಲೆ ತಾಬಡತೋಬ ತುಂಬ್ತೀಯೇನು?” ಎಂದಳು.

“ತುಂಬದಽ ನಾ ಈ ಗುಡಸಲದಿಂದ ಹೊರಗ ಕಾಲಿಡಂಗಿಲ್ರಿ.”

“ವೈನಿ, ಬ್ಯಾಡ” ಎಂದ ಮಲ್ಲಪ್ಪ, ಅತ್ತಿಗೆಗೆ. ಅವನ ದನಿಯಲ್ಲಿ ಹಟವಿರಲಿಲ್ಲ, ಹೆದರಿಕೆಯಿತ್ತು. ಅವಳು ಕೇಳಿಸಿಕೊಂಡರೂ ಹಿಂದೆ ಸರಿಯಲಿಲ್ಲ. ಬಾವಿಗೆ ಹೋಗಿ ಕೊಡ ಕೊಡ ನೀರು ತಂದು ಎಂಜಿನ್ನಿನ ಮುಂದೆ ಸಾಲಾಗಿ ಇಟ್ಟಳು. ಮಲ್ಲಪ್ಪ ಎದ್ದು ಹೋಗಿ ಬೇವಿನ ಗಿಡದ ಕೆಳಗೆ ನಮ್ಮ ಕಡೆ ಬೆನ್ನು ಮಾಡಿ ಕೂತ.

ನಾನು ಕೆಲಸ ಶುರು ಮಾಡಿದೆ. ಮೇಲಿನ ಬಾಯಿಯಿಂದ ರಬ್ಬರ್ ನಳಿಗೆ ಹಾಕಿ, ಬಾಯಿಂದ ಎಳೆದು, ಹೊಟ್ಟೆಯ ಮೇಲ್ಭಾಗದ ನೀರು ಇಳಿಸಿದೆ. ಆ ನೀರಿನ ರುಚಿ ಇವತ್ತಿಗೂ ನಾಲಗೆಯ ಮೇಲಿದೆ. ಬೋಲ್ಟಿನ ಸುತ್ತ ಬಣ್ಣ, ತುಕ್ಕು ಕೆರೆದು ಚಿಮಣಿ ಎಣ್ಣೆ ಬಿಟ್ಟೆ. ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ತಟ್ಟುತ್ತಾ ಹೋದೆ. ಪಾನಾ ಹಾಕಿ ಒಂಚೂರು ಬಿಗಿ ಮಾಡಲು ನೋಡಿದೆ, ಬಿಚ್ಚಲು ನೋಡಿದೆ. ಕಲ್ಲು. ಮಧ್ಯಾಹ್ನದ ರೊಟ್ಟಿ ಉಂಡು ಮತ್ತೆ ತಟ್ಟಿದೆ. ಮತ್ತೂ ಕಲ್ಲು. ಇನ್ನು ಕಾಯಿಸುವುದೊಂದೇ ದಾರಿ. ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಬೀಡನ್ನು. ಬೀಡು ಹಿಗ್ಗಿದರೆ ಹಿಡಿತ ಬಿಡುತ್ತದೆ. ಆದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕಾದರೆ ಬೀಡು ಸೀಳುತ್ತದೆ. ನನ್ನ ಹತ್ತಿರ ಇದ್ದದ್ದು ಒಂದು ಕಡೆ ಉರಿ ಉಗುಳುವ ಹಳೆಯ ಬ್ಲೋ ಲ್ಯಾಂಪು. ಅದನ್ನು ಹಚ್ಚಲು ನನಗೆ ಧೈರ್ಯ ಬರಲಿಲ್ಲ.

ಪ್ಲಗ್ಗಿನ ಸುತ್ತ ಬೀಡು ಒಂದು ಗುಬುಟಿನ ಹಾಗೆ ಉಬ್ಬಿಕೊಂಡಿತ್ತು. ಅದನ್ನು ಎಲ್ಲ ಕಡೆಯಿಂದ ಅಪ್ಪಿ ಹಿಡಿಯುವ ಕಬ್ಬಿಣದ ಬಳೆಯಂಥದ್ದು ಸಿಕ್ಕರೆ ಎಂದು ಯೋಚಿಸುತ್ತಾ ಸುತ್ತ ನೋಡಿದೆ. ಮೂಲೆಯಲ್ಲಿ ಗುದ್ದಲಿ ಒರಗಿತ್ತು. ಮರದ ಹಿಡಿಯನ್ನು, ನಮ್ಮ ಕಡೆಯ ಕಾವನ್ನು, ತೂರಿಸುವ ಅದರ ಕಣ್ಣು ಕಂಡದ್ದೇ ತಡ, ನನಗೆ ಕುಣಿಯುವಷ್ಟು ಖುಷಿಯಾಯಿತು.

“ಯವ್ವಾ, ಆ ಗುದ್ದಲಿ ಕಾವು ತಗದು ಕೊಡ್ರಿ.”

ಅವಳು ಏಕೆ ಎಂದು ಕೇಳಲಿಲ್ಲ. ಕಲ್ಲಿನ ಮೇಲೆ ಕುಟ್ಟಿ ಕಾವು ಬೇರೆ ಮಾಡಿ ಕೊಟ್ಟಳು. ಗುಬುಟಿಗೆ ಇಟ್ಟು ನೋಡಿದೆ. ತುಸು ಸಡಿಲವಿತ್ತು, ಆದರೂ ನಡೆಯುತ್ತಿತ್ತು. ಮೂರು ಕಲ್ಲಿಟ್ಟು ಒಲೆ ಹೂಡಿ, ಸಗಣಿ ಕುಳ್ಳಿನ ಕೆಂಡದಲ್ಲಿ ಗುದ್ದಲಿ ಹುಗಿದೆವು. ಕೆಂಪಾಗಲು ಬಿಡಲಿಲ್ಲ. ನೀರು ಚಿಮುಕಿಸಿದರೆ ಹನಿ ಕುಣಿಯುವ ಹದಕ್ಕೆ ಬಂದಾಗ ತೆಗೆಯಬೇಕು. ಒಂದು ಕೈಯಿಂದ ಇಕ್ಕಳ ಹಿಡಿದು ಗುದ್ದಲಿ ಅಲ್ಲಿ ನಿಲ್ಲಿಸಿದರೆ, ಪಾನಾ ತಿರುಗಿಸಲು ಇನ್ನೊಂದು ಕೈ ಸಾಲುವುದಿಲ್ಲ. ಗೌರವ್ವ ಇಕ್ಕಳಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ಹಿಂದಿನಿಂದ ಮಲ್ಲಪ್ಪ ಬಂದು, “ಅತ್ತ ಸರಿ ವೈನಿ, ಕೈ ಸುಟ್ಟಗೋತಿ” ಎಂದು ತಾನೇ ಇಕ್ಕಳ ಹಿಡಿದ. ಯಾವಾಗ ಎದ್ದು ಬಂದಿದ್ದನೋ, ನಾನು ನೋಡಿರಲಿಲ್ಲ.

ಗುದ್ದಲಿ ಆರಿದ ಹಾಗೆಲ್ಲ ಮತ್ತೆ ಕೆಂಡಕ್ಕೆ ಹಾಕುವುದು, ಮತ್ತೆ ತಂದು ತೊಡಿಸುವುದು. ಹೀಗೆ ಎಷ್ಟೋ ಸಲ ಆದ ಮೇಲೆ ಬೋಲ್ಟಿನ ಬುಡಕ್ಕೆ ಮೇಣ ಮುಟ್ಟಿಸಿದೆ. ಕರಗಿದ ಮೇಣ ಮೇಲೆ ನಿಲ್ಲದೆ ತಿರುಪಿನ ಸಂದಿಗೆ ಸರ್ರನೆ ಇಳಿಯಿತು. ಕೂದಲೆಳೆಯಷ್ಟು ಬಿಗಿ ಮಾಡಿದೆ. ‘ಟಿಕ್’ ಎಂದಿತು.

ಮಲ್ಲಪ್ಪನ ಮುಖ ಕಪ್ಪಿಟ್ಟಿತು. “ಒಡೀತು” ಎಂದ.

“ಒಡದಿಲ್ಲ. ಬಿಟ್ಟೈತಿ” ಎಂದೆ. ಅಷ್ಟು ಖಚಿತವಾಗಿ ಹೇಗೆ ಹೇಳಿದೆನೋ! ಆದರೆ ನನ್ನ ಕಿವಿ ತಪ್ಪಲಿಲ್ಲ. ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ತಿರುಗಿಸುತ್ತಾ, ನಡುನಡುವೆ ಎಣ್ಣೆ ಬಿಡುತ್ತಾ, ಹೊತ್ತು ಇಳಿಯುವಷ್ಟರಲ್ಲಿ ಬೋಲ್ಟನ್ನು ಬೆರಳಿನಿಂದ ತಿರುಗಿಸಿ ತೆಗೆದೆ. ಬೀಡಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಇವತ್ತು ಡಬ್ಬಿಯಿಂದ ಎಣ್ಣೆ ಚಿಮುಕಿಸಿ, ಕರೆಂಟಿನ ಪಾನಾದಿಂದ ಗುರ್ರ್ ಎನಿಸಿ ಬಿಚ್ಚುವ ಹುಡುಗರನ್ನು ನೋಡುತ್ತೇನೆ. ಬಿಚ್ಚಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಗುದ್ದಲಿಯ ಕಣ್ಣಿನಿಂದ ಬಿಚ್ಚಿದವನು ನಾನು. ಇದನ್ನು ನನ್ನ ಮೊಮ್ಮಕ್ಕಳಿಗೂ ಹೇಳಿದ್ದೇನೆ, ಅವರಿಗೆ ಬೇಸರ ಬರುವಷ್ಟು ಸಲ.

ತೂತಿನಿಂದ ಹನಿ ನೀರೂ ಬರಲಿಲ್ಲ. ತಂತಿ ಹಾಕಿ ಕೆದಕಿದೆ. ಬೂದು ಬಣ್ಣದ ಗಾರೆ ತುಂಡು ತುಂಡಾಗಿ ಬಿತ್ತು. ಆಮೇಲೆ ಒಮ್ಮೆಲೇ ತುಕ್ಕಿನ ನೀರು ಧೋ ಎಂದು ಇಳಿಯಿತು. ಗೌರವ್ವ ಕಣ್ಣು ಮುಚ್ಚಿಕೊಂಡಳು. ಮೇಲಿನಿಂದ ಕೊಡಗಟ್ಟಲೆ ನೀರು ಹೊಯ್ದು, ಕೆಳಗೆ ತಿಳಿನೀರು ಬರುವವರೆಗೆ ತೊಳೆದು, ಹೊಸ ಹಿತ್ತಾಳೆ ಪ್ಲಗ್ಗು ಹಾಕಿ, ಕೊಟ್ಟ ಮಾತಿನಂತೆ ಹೊಟ್ಟೆ ತುಂಬಿಸಿದೆ. ಆ ಸಂಜೆ ಎಂಜಿನ್ನು ಕಾಯದೆ ಓಡಿತು. ಎಲೆಬಳ್ಳಿಯ ಸಾಲಿಗೆ ನೀರು ಹೋಯಿತು, ತೋಟ ಉಳಿಯಿತು. ವರ್ಕ್‌ಶಾಪಿಗೆ ಬಂದು ಸಿದ್ರಾಮಪ್ಪನವರಿಗೆ ಹೇಳಿದಾಗ ಅವರು ಮಲಗಿದಲ್ಲಿಂದಲೇ, “ಗುದ್ದಲಿ ಅಂತ! ಹುಚ್ಚ ಸೂಳೆಮಗನ!” ಎಂದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ತೋಟವೇನೋ ಉಳಿಯಿತು, ಕೆಲಸ ಅರ್ಧವೇ ಆಗಿತ್ತು. ಮುಂದಿನ ಮಳೆಗಾಲಕ್ಕೆ ಎಂಜಿನ್ನು ಮತ್ತೆ ಸವಳು ನೀರು ತುಂಬಿಕೊಂಡು ಮಲಗಿದರೆ ಮತ್ತದೇ ಗತಿ. ತೊಳೆದು ಕೂಡಲೇ ತುಂಬುವುದಕ್ಕೆ ಅವಳನ್ನು ಒಪ್ಪಿಸಿದ್ದೆ, ತಿಂಗಳುಗಟ್ಟಲೆ ಬರಿದು ಇಡಲು ಒಪ್ಪಿಸುವ ಮಾತು ನನ್ನ ಹತ್ತಿರ ಇರಲಿಲ್ಲ. ಹೀಗಿರುವಾಗ ಕಾರಹುಣ್ಣಿವೆ ಆದ ಮೇಲೆ, ಸಿದ್ಧೇಶ್ವರ ಗುಡಿ ಪೇಟೆಗೆ ಎಲೆ ತರುವವರ ಕೈಯಲ್ಲಿ ಗೌರವ್ವನೇ ಹೇಳಿಕಳಿಸಿದಳು, ಬಂದು ಹೋಗು ಎಂದು.

ಹೋದಾಗ ಎಂಜಿನ್ನಿನ ಪಕ್ಕದ ಕಟ್ಟೆಯ ಮೇಲೆ ಒಂದು ಹಿತ್ತಾಳೆ ತಂಬಿಗೆ ಇತ್ತು. ಬೆಳಗಿ, ಅಂಚಿನವರೆಗೆ ನೀರು ತುಂಬಿ, ಬಾಯಿಗೆ ಎರಡು ಎಲೆ ಮುಚ್ಚಿದ್ದಳು.

“ಇದು ತುಂಬಿರ್ತೈತಿ. ದಿನಾ ಬಂದು ನೀರು ಬದಲ ಮಾಡ್ತೀನಿ. ಅದು ಬರಿದ ಇರಲಿ” ಎಂದಳು. ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲದ ಉಪಾಯ ಅದು. ಮುಂದೆ ಬಬಲೇಶ್ವರದ ಸುತ್ತಲಿನ ಎಷ್ಟೋ ತೋಟಗಳಲ್ಲಿ ನಾನು ಅದನ್ನೇ ಹೇಳಿ ಎಂಜಿನ್ನುಗಳನ್ನು ಉಳಿಸಿದೆ. ಗೌರವ್ವನ ಹೆಸರು ಹೇಳಿಯೇ ಹೇಳುತ್ತಿದ್ದೆ.

ನಾನು ಚೀಲ ಬಿಚ್ಚಿ ಪ್ಲಗ್ಗಿನ ಮುಂದೆ ಕೂತೆ. ಅವಳು, “ತಡಿ ತಮ್ಮಾ” ಎಂದಳು. ಮಲ್ಲಪ್ಪ ಅಲ್ಲೇ ಬೆಲ್ಟು ಸುತ್ತುತ್ತಿದ್ದ. ಅವನಿಗೆ ಕೇಳಿಸಲೆಂದೇ ಹೇಳಿದಳು. “ಆ ವರ್ಷ ನೀರು ಬಿಡೂದು ನಮ್ಮವರಿಗೆ ಮನಸ್ಸಿದ್ದಿಲ್ಲ. ನಾನಽ ಹಟ ಹಿಡದು ಬಿಡಸಿದ್ದೆ. ಅಂಗಡಿಯವರು ಹೇಳ್ಯಾರ, ಬಿಡ್ರಿ ಅಂತ ಗಂಟ ಬಿದ್ದಿದ್ದೆ. ಇಷ್ಟು ದಿನ ಯಾರ ಮುಂದೂ ಹೇಳಿದ್ದಿಲ್ಲ.”

ಎರಡು ವರ್ಷ, ಅದರ ಮೇಲೆ ಇನ್ನೊಂದು ಸುಗ್ಗಿ. ಅಷ್ಟು ದಿನ ಆ ಹೆಂಗಸು ಗಂಡನ ಸಾವನ್ನು ತನ್ನ ತಲೆಯ ಮೇಲೆ ಹೊತ್ತು ಬಳ್ಳಿಗೆ ನೀರು ಹಾಯಿಸಿದ್ದಳು. ಮಲ್ಲಪ್ಪ ಬೆಲ್ಟು ಕೆಳಗಿಟ್ಟ. ಅಣ್ಣನ ಸಾವಿಗೆ ಎಂಜಿನ್ನನ್ನು ಬೈದವನು ಇನ್ನು ಯಾರನ್ನು ಬೈಯುತ್ತಾನೋ ಎಂದು ನಾನು ಹೆದರಿದೆ. ಅವನು ಬಂದು ನನ್ನ ಚೀಲದಿಂದ ಪಾನಾ ತೆಗೆದು ಅತ್ತಿಗೆಯ ಕೈಯಲ್ಲಿಟ್ಟ.

“ನೀನಽ ತಗಿ ವೈನಿ. ನಾ ಇಲ್ಲೇ ನಿಂತಿರ್ತೀನಿ.”

ಅವಳು ಕೂತು ಪಾನಾ ಹಾಕಿದಳು. ನಾನು ಗ್ರೀಸು ಹಚ್ಚಿ ಹಾಕಿದ್ದ ಪ್ಲಗ್ಗು ಸಲೀಸಾಗಿ ತಿರುಗಿ ಬಂತು, ನೀರು ಅವಳ ಕಾಲಮೇಲೆ ಹರಿದು ಕಾಲುವೆಗೆ ಹೋಯಿತು.

ಆ ಮಳೆಗಾಲ ನಾನು ಕಾರಣವಿಲ್ಲದೆ ಬಬಲೇಶ್ವರದ ಬಸ್ಸಿನವರನ್ನು ಜೈನಾಪುರದ ಸುದ್ದಿ ಕೇಳುತ್ತಿದ್ದೆ. ಶ್ರಾವಣ ಬಂದಾಗ ನಮ್ಮ ಅಮ್ಮ, “ಯಾಕೋ ಉಣ್ಣವಲ್ಲಿ?” ಎಂದು ಕೇಳಿದಳು. ಎಂಜಿನ್ನಿನ ವಿದ್ಯೆಯೆಲ್ಲ ನನಗೆ ಗೊತ್ತಿತ್ತು, ಆದರೂ ಆ ಮನೆಯಲ್ಲಿ ಯಾರಿಗೂ ಜ್ವರ ಬಾರದಿರಲಿ ಎಂದು ದರ್ಗಾಕ್ಕೆ ಹೋಗಿ ಸಕ್ಕರೆ ಇಟ್ಟು ಫಾತಿಹಾ ಓದಿಸಿ ಬಂದೆ.

ದಸರೆಯ ಮುಂದೆ ಜೈನಾಪುರಕ್ಕೆ ಹೋದೆ. ಗೌರವ್ವ ಬಾಗಿಲಲ್ಲೇ ನಿಂತಿದ್ದಳು. ಮಲ್ಲಪ್ಪ ದನಕ್ಕೆ ಮೇವು ಹಾಕುತ್ತಿದ್ದ, ಮನೆಯ ಮಕ್ಕಳು ಅಂಗಳದಲ್ಲಿ ಕೂಗಾಡುತ್ತಿದ್ದವು. ತೋಟಕ್ಕೆ ಹೋಗಿ ಪ್ಲಗ್ಗು ಹಾಕಿ, ಹೊಟ್ಟೆಗೆ ನೀರು ತುಂಬಿಸಿದೆ. ಮಲ್ಲಪ್ಪ ಹ್ಯಾಂಡಲ್ ಹೊಡೆದ. ಮೊದಲ ಏಟಿಗೇ ಎಂಜಿನ್ನು ಎದ್ದಿತು. ಆ ಸದ್ದಿನಲ್ಲಿ ಗೌರವ್ವ ನನ್ನ ಹತ್ತಿರ ಬಂದು, ಜೋರಾಗಿ ಹೇಳಬೇಕಾದ್ದರಿಂದ ಜೋರಾಗಿಯೇ ಹೇಳಿದಳು.

“ಈ ವರ್ಷ ನಮ್ಮ ಮನ್ಯಾಗ ಯಾರೂ ಸಾಯಲಿಲ್ಲ ನೋಡು ತಮ್ಮಾ.”

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರು ತಿರುವಲು ಬಳ್ಳಿಯ ಸಾಲಿಗೆ ಇಳಿದಳು.